ಸ್ವಲ್ಪ ಹೊತ್ತು ಬಿಟ್ಟು ಬನ್ನಿ

ಕಿರವತ್ತಿ
5 ಫೆಬ್ರುವರಿ 2024

ಗಂಗಾಂಬಿಕಾ ಮೇಡಂ ಅವರಿಗೆ ರಕ್ಷಿತಾಳ ನಮಸ್ಕಾರಗಳು.

ಈ ಲಕೋಟೆ ನೋಡಿ ನಿಮಗೆ ನಗು ಬಂದಿರಬೇಕು. ಮೇಲ್ ಸರ್ವರ್ ನೋಡಿಕೊಳ್ಳುವವಳು ಅಂಚೆಚೀಟಿ ಅಂಟಿಸಿ ಕಾಗದ ಹಾಕುವ ಕಾಲ ಬಂದಿದೆ. ಫೋನ್ ಮಾಡೋಣವೆಂದರೆ ನಿಮಗೆ ಫೋನಿನ ಮಾತು ಕೇಳುವುದಿಲ್ಲ. ವಾಟ್ಸಾಪ್ ಮಾಡೋಣವೆಂದರೆ ನಿಮ್ಮದು ಗುಂಡಿ ಒತ್ತುವ ಫೋನು. ಮೇಲ್ ಕಳಿಸೋಣವೆಂದರೆ, ಮೇಡಂ, ರೋಗ ಹಿಡಿದಿರುವುದೇ ಅದಕ್ಕೆ.

ಹನ್ನೊಂದು ವರ್ಷದ ಹಿಂದೆ ಶಿರಸಿಯ ಪಾಲಿಟೆಕ್ನಿಕ್ಕಿನಲ್ಲಿ ನೀವು ನಮ್ಮ ಕೈಯಿಂದಲೇ ಕಟ್ಟಿಸಿ ನಮ್ಮ ಸಂಘಕ್ಕೆ ಕೊಟ್ಟ ಯಂತ್ರ ಅದು. ಈಗಲೂ ಸಂಘದ ಆಫೀಸಿನಲ್ಲಿ, ಅಂಟುವಾಳದ ಚೀಲಗಳ ಮೇಲಿನ ಹಲಗೆಯಲ್ಲಿ ಗುಂಯ್ ಎನ್ನುತ್ತ ಕೂತಿದೆ. ಕಾಡಿನಿಂದ ಅಂಟುವಾಳ, ಸೀಗೆ, ಮುರುಗಲು ಆರಿಸಿ ತರುವ ಅರವತ್ತು ಹೆಂಗಸರ ವ್ಯವಹಾರವೆಲ್ಲ ಅದರ ಮೂಲಕವೇ ನಡೆಯುತ್ತದೆ. ಆದರೆ ಈಗ ದಿನಕ್ಕೆ ಮುನ್ನೂರು ಕಸದ ಮೇಲ್ ಬಂದು ಬೀಳುತ್ತಿವೆ. ಲಾಟರಿ ಹೊಡೆದಿದೆ, ತೂಕ ಇಳಿಸಿ, ನಿಮ್ಮ ಖಾತೆ ಮುಚ್ಚುತ್ತದೆ. ಹೋದ ವರ್ಷ ಕೊಚ್ಚಿಯ ಸಾಬೂನಿನವರ ಆರ್ಡರು ಆ ಕಸದಡಿ ಒಂಬತ್ತು ದಿನ ಬಿದ್ದಿತ್ತು. ಅವರು ನಾಲ್ಕು ಕಡೆ ಕೇಳುತ್ತಾರೆ, ಹೇಳಿದ ದಿನದೊಳಗೆ ಉತ್ತರ ಕೊಟ್ಟವರಿಂದ ಕೊಳ್ಳುತ್ತಾರೆ. ನಾನು ನೋಡುವ ಹೊತ್ತಿಗೆ ಬೇರೆಯವರಿಂದ ಕೊಂಡಾಗಿತ್ತು. ಇಡೀ ಹಂಗಾಮಿನ ಅಂಟುವಾಳ ಗೋದಾಮಿನಲ್ಲೇ ಉಳಿಯಿತು. ನನ್ನ ಅತ್ತೆ ನಾಗಿಯೂ ಅದನ್ನು ಆರಿಸಿದವರಲ್ಲಿ ಒಬ್ಬರು. ಅವರು ಆ ಚೀಲಗಳ ಧೂಳು ಕೊಡವುವುದನ್ನು ನೋಡಿ ನನಗೆ ಹೆಚ್ಚು ಕಷ್ಟವಾಯಿತು.

ಈ ತಿಂಗಳ ಕೊನೆಯ ವಾರ ಮತ್ತೆ ಕೊಚ್ಚಿಯವರ ಆರ್ಡರು ಬರಬೇಕು. ನಮ್ಮ ಅಧ್ಯಕ್ಷರು ಶಾಂತಾರಾಮಣ್ಣ ಮೊನ್ನೆ ಸಭೆಯಲ್ಲೇ ಹೇಳಿಬಿಟ್ಟರು, ಇನ್ನೊಂದು ಸಲ ತಪ್ಪಿದರೆ ಈ ಯಂತ್ರ ಗುಜರಿಗೆ, ಆಫೀಸಿನ ಕೆಲಸ ಯಲ್ಲಾಪುರದ ಏಜೆಂಟರಿಗೆ. ಅಂದರೆ ನಾನೂ ಗುಜರಿಗೆ. ಈ ಕಸ ತಡೆಯಲು ಸರ್ವರ್‌ಗೆ ಇನ್ನೂ ಯಾವ ಯಾವ ಪ್ಯಾಕೇಜು ಹಾಕಬೇಕು, ಹೇಗೆ ಹಾಕಬೇಕು, ದಯವಿಟ್ಟು ಬರೆದು ಕಳಿಸಿ.

ಎರಡು ವರ್ಷದ ಹಿಂದೆ ನಿಮ್ಮ ಮನೆಗೆ ಬಂದು, ನಿವೃತ್ತಿಯಾಗಿದೆಯಲ್ಲ, ನಮ್ಮಲ್ಲಿಗೆ ಬನ್ನಿ, ನಮ್ಮ ಹೆಂಗಸರಿಗೆ ಕಂಪ್ಯೂಟರ್ ಕಲಿಸಿ, ನಮ್ಮ ಜೊತೆಗೇ ಇರಿ ಎಂದು ಕೇಳಿದ್ದೆ. ನೀವು ಬೇಡ ಎಂದಿರಿ. ಆ ವಿಷಯ ಮತ್ತೆ ಎತ್ತುವುದಿಲ್ಲ. ಇದು ಬರೀ ಸರ್ವರಿನ ವಿಷಯ.

ನಿಮ್ಮ ವಿದ್ಯಾರ್ಥಿನಿ
ರಕ್ಷಿತಾ


ದಾಸನಕೊಪ್ಪ
9 ಫೆಬ್ರುವರಿ 2024

ರಕ್ಷಿತಾ,

ನಿನ್ನ ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೆಯೇ ಇದೆ. ಓದಲು ಕನ್ನಡಕವೂ ಬೇಕಾಯಿತು, ತಮ್ಮನ ಹೆಂಡತಿ ಮಹೇಶ್ವರಿಯೂ ಬೇಕಾಯಿತು.

ಹೆದರಬೇಡ. ಲಿನಕ್ಸ್ ಮೇಲ್ ಸರ್ವರ್ ಎನ್ನುವುದು ಬರೀ ಟಪಾಲಿನವನು. ತರುತ್ತಾನೆ, ಒಯ್ಯುತ್ತಾನೆ. ಯಾರದು ಸಾಚಾ, ಯಾರದು ಲಫಂಗತನ ಎಂದು ನೋಡುವುದು ಅವನ ಕೆಲಸವಲ್ಲ. ಅದಕ್ಕೆ ಬೇರೆ ಆಳುಗಳನ್ನು ಇಡಬೇಕು. ಅವೇ ಈ ಪ್ಯಾಕೇಜುಗಳು. ಮೂರು ಹಾಳೆ ಇಟ್ಟಿದ್ದೇನೆ, ಒಂದೊಂದರಲ್ಲಿ ಒಂದೊಂದು. ಮೊದಲ ಹಾಳೆಯದು ಪೋಸ್ಟ್‌ಗ್ರೇ, ಅದು ಬಾಗಿಲಲ್ಲೇ ನಿಂತು ವಿಚಾರಿಸುತ್ತದೆ. ಎರಡನೆಯದು ಸ್ಪ್ಯಾಮ್‌ಅಸಾಸಿನ್, ಒಳಗೆ ಬಂದದ್ದನ್ನು ಓದಿ ಅಂಕ ಕೊಡುತ್ತದೆ. ಮೂರನೆಯದು ಸೀವ್, ಹೆಚ್ಚು ಅಂಕ ಬಂದ ಕಸವನ್ನು ಬೇರೆ ಪೆಟ್ಟಿಗೆಗೆ ಹಾಕುತ್ತದೆ. ಕ್ಲಾಸಿನಲ್ಲಿ ಮಾಡುತ್ತಿದ್ದ ಹಾಗೆಯೇ ಮಾಡು. ಹಾಳೆಯ ಒಂದು ಸಾಲು ಟೈಪ್ ಹೊಡೆ, ಪೆನ್ಸಿಲಿನಲ್ಲಿ ಟಿಕ್ ಹಾಕು, ಮುಂದಿನ ಸಾಲಿಗೆ ಹೋಗು.

ಎರಡು ಮಾತು ಕಿವಿಗೆ ಹಾಕಿಕೋ. ಒಂದು, ಮೂರನ್ನೂ ಒಟ್ಟಿಗೆ ಹಾಕಬೇಡ. ಒಂದು ಹಾಕಿ ಎರಡು ದಿನ ಯಂತ್ರ ಬರೆದಿಡುವ ಲಾಗ್ ನೋಡು, ಆಮೇಲೆ ಮುಂದಿನದು. ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತು ಎಂದು ಗೊತ್ತಾಗಬೇಕಲ್ಲ. ಇನ್ನೊಂದು, ವೈರಸ್ ಹುಡುಕುವ ಪ್ಯಾಕೇಜಿನ ತಂಟೆಗೆ ಹೋಗಬೇಡ. ಆ ಯಂತ್ರಕ್ಕೆ ಇರುವುದು ಒಂದು ಜಿಬಿ ಮೆಮರಿ. ಅದೊಂದೇ ಕೂತು ಎಲ್ಲರ ಅನ್ನ ಉಂಡುಬಿಡುತ್ತದೆ.

ಇಲ್ಲಿ ನಾನು ಆರಾಮಾಗಿದ್ದೇನೆ. ತಮ್ಮ ಮಧುಕೇಶ್ವರನ ಗೊಬ್ಬರದ ಅಂಗಡಿಯಲ್ಲಿ ಕೂತು ಪೇಪರು ಓದುತ್ತೇನೆ. ಗಿರಾಕಿಗಳು ಕೂಗಿ ಮಾತಾಡುತ್ತಾರೆ, ನನಗೆ ಅರ್ಧ ಕೇಳುತ್ತದೆ. ಎರಡು ವರ್ಷದಿಂದ ಯಾವ ಕೀಬೋರ್ಡನ್ನೂ ಮುಟ್ಟಿರಲಿಲ್ಲ. ಈ ಮೂರು ಹಾಳೆ ಬರೆಯುವಾಗ ಕೈ ತಾನಾಗಿಯೇ ಓಡಿತು.

ಆ ವಿಷಯ ಮತ್ತೆ ಎತ್ತುವುದಿಲ್ಲ ಎಂದು ಬರೆದಿದ್ದೀ. ಸರಿ, ಎತ್ತಬೇಡ ಬಿಡು.

ಗಂಗಾಂಬಿಕಾ


ಕಿರವತ್ತಿ
17 ಫೆಬ್ರುವರಿ 2024

ಮೇಡಂ ಅವರಿಗೆ ನಮಸ್ಕಾರ.

ಹಾಳೆಗಳು ಸಿಕ್ಕವು. ನಿನ್ನೆ ರಥಸಪ್ತಮಿ, ಶುಕ್ರವಾರ ಬೇರೆ. ಶಾಂತಾರಾಮಣ್ಣ ಯಂತ್ರಕ್ಕೆ ಹೂವು ಏರಿಸಿ ಕಾಯಿ ಒಡೆದರು. ಎಲ್ಲವನ್ನೂ ಹಾಕಿ ಆಯಿತು. ಕಸ ತುಂಬಾ ಕಡಿಮೆಯಾಗಿದೆ. ಎಲ್ಲ ಸರಿ ಇದೆ. ನೀವು ಚಿಂತೆ ಮಾಡಬೇಡಿ.

ಗಡಿಬಿಡಿಯಲ್ಲಿ ಇಷ್ಟೇ.

ರಕ್ಷಿತಾ


ದಾಸನಕೊಪ್ಪ
20 ಫೆಬ್ರುವರಿ 2024

ರಕ್ಷಿತಾ,

ನಿನ್ನ ಆರು ಸಾಲಿನ ಕಾಗದ ಈಗಷ್ಟೇ ಬಂತು. ಮೂವತ್ತು ವರ್ಷ ಲ್ಯಾಬಿನಲ್ಲಿ ನಿಮ್ಮಂಥವರ ಮುಖ ನೋಡಿದವಳು ನಾನು. ಏನೋ ಮುರಿದಿಟ್ಟವರೇ ಎಲ್ಲ ಸರಿ ಇದೆ ಮೇಡಂ ಎನ್ನುತ್ತಿದ್ದದ್ದು.

ನನ್ನ ಕಾಗದ ನಿನಗೆ ಹದಿಮೂರಕ್ಕೋ ಹದಿನಾಲ್ಕಕ್ಕೋ ಸಿಕ್ಕಿರಬೇಕು. ಎರಡೆರಡು ದಿನ ಬಿಟ್ಟು ಹಾಕಿದ್ದರೆ ಹದಿನೇಳಕ್ಕೆ ಇನ್ನೂ ಎರಡನೇ ಹಾಳೆಯಲ್ಲಿರಬೇಕಿತ್ತು. ನೀನು ಎಲ್ಲವನ್ನೂ ಹಾಕಿ ಆಯಿತು ಎನ್ನುತ್ತೀ. ಒಂದೇ ದಿನ, ಅದೂ ಕಾಯಿ ಒಡೆದು. ಮೂರನ್ನೂ ಹಾಕಿದೆ ಎಂದೂ ಬರೆದಿಲ್ಲ, ಎಲ್ಲವನ್ನೂ ಎಂದು ಬರೆದಿದ್ದೀ. ಆ ಎಲ್ಲದರಲ್ಲಿ ನಾನು ಬೇಡವೆಂದದ್ದೂ ಇದೆಯೇ?

ನಿಜ ಬರಿ. ಬೈಗುಳ ಏನಿದ್ದರೂ ಒಮ್ಮೆ ಮಾತ್ರ ಬೈಯುತ್ತೇನೆ.

ಗಂಗಾಂಬಿಕಾ


ಕಿರವತ್ತಿ
20 ಫೆಬ್ರುವರಿ 2024, ಸ್ಪೀಡ್ ಪೋಸ್ಟ್

ಮೇಡಂ,

ನಾನು ನಿಮಗೆ ಸುಳ್ಳು ಬರೆದೆ. ಕ್ಷಮಿಸಿ.

ನಾನು ಒಂದೊಂದಾಗಿಯೇ ಹಾಕುವವಳಿದ್ದೆ. ಆದರೆ ಹೊಸದೇನಾದರೂ ಹಾಕುವುದಿದ್ದರೆ ಕಾಯಿ ಒಡೆದೇ ಹಾಕಬೇಕು ಎಂದು ಶಾಂತಾರಾಮಣ್ಣ ಹಟ ಹಿಡಿದರು. ಮೂರಕ್ಕೂ ಬೇರೆ ಬೇರೆ ದಿನ ಎಂದೆ. ‘ಎರಡು ದಿನಕ್ಕೊಂದು ಕಾಯಿ ಒಡೀತಾ ಕೂತ್ರೆ ಜನ ಎಂತ ಹೇಳ್ತಾರೆ? ಒಳ್ಳೆ ಮುಹೂರ್ತ ಅದೆ, ಇದ್ದಿದ್ದೆಲ್ಲ ಒಂದೇ ಸಲ ಹಾಕು’ ಅಂದರು. ಸಮಿತಿಯವರೆಲ್ಲ ಸುತ್ತ ನಿಂತಿದ್ದರು. ವೈರಸ್ಸಿಗೆ ಎಂತ ಮಾಡಿದ್ದೀ ಎಂದೂ ಕೇಳಿದರು. ಏನೂ ಮಾಡಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಅದನ್ನೂ ಹಾಕಿದೆ. ಮುಹೂರ್ತ ಮುಗಿಯುವುದರೊಳಗೆ ನಾಲ್ಕೂ ಆದವು. ಒಂದಕ್ಕೂ ಟಿಕ್ ಹಾಕಲಿಲ್ಲ.

ಮೂರು ದಿನ ಓಡಿತು. ನಿನ್ನೆ ಮಧ್ಯಾಹ್ನದಿಂದ ಯಂತ್ರ ನಿಂತುಬಿಟ್ಟಿದೆ. ಮರಳಿ ಚಾಲೂ ಮಾಡಿದರೆ ಹತ್ತು ನಿಮಿಷ ಓಡುತ್ತದೆ, ಆಮೇಲೆ ಕೀಲಿ ಒತ್ತಿದರೂ ಜಪ್ಪಯ್ಯ ಎನ್ನುವುದಿಲ್ಲ. ನಾಗಿ ಅತ್ತೆ ಬಂದು ಅದರ ಮೈ ಮುಟ್ಟಿ ನೋಡಿ, ‘ಉಸ್ರು ಕಟ್ಟಿದೆ ಅದ್ಕೆ’ ಅಂದರು. ಶಾಂತಾರಾಮಣ್ಣನಿಗೆ ಲೈನ್ ಸರಿಯಿಲ್ಲ ಎಂದು ಹೇಳಿದ್ದೇನೆ. ಅದೂ ಸುಳ್ಳೇ.

ಕೊಚ್ಚಿಯವರ ಆರ್ಡರು ಈ ವಾರವೇ ಬರುವುದು. ಈಗಾಗಲೇ ಕಳಿಸಿ, ಬಾಗಿಲು ಮುಚ್ಚಿದೆ ಎಂದು ವಾಪಸ್ ಹೋಗಿದ್ದರೆ? ಏನನ್ನಾದರೂ ಕೀಳಲು ಹೋಗಿ ಇನ್ನಷ್ಟು ಕೆಡಿಸುತ್ತೇನೆ ಎಂದು ಯಾವುದನ್ನೂ ಕೀಳದೆ ಬಿಟ್ಟಿದ್ದೇನೆ. ನನಗೆ ಅಳು ಬರುತ್ತಿದೆ ಮೇಡಂ. ಏನು ಮಾಡಲಿ?

ರಕ್ಷಿತಾ


ದಾಸನಕೊಪ್ಪ
22 ಫೆಬ್ರುವರಿ 2024

ರಕ್ಷಿತಾ,

ನಮ್ಮಿಬ್ಬರ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿವೆ. ಬೈಗುಳ ನನ್ನದರಲ್ಲಿ ಬಂದಿದೆ, ಇಲ್ಲಿ ಮತ್ತೆ ಬೈಯುವುದಿಲ್ಲ. ಅಳಬೇಡ. ನೀನು ಕೆಡಿಸಿಲ್ಲ, ಭಾರ ಹೇರಿದ್ದೀ ಅಷ್ಟೇ. ಇಳಿಸಿದರೆ ಏಳುತ್ತದೆ.

ಈ ಕಾಗದ ಅಂಚೆಯಲ್ಲಿ ಬರುವುದಿಲ್ಲ. ನಾಳೆ ಬೆಳಗ್ಗೆ ಮಧುಕೇಶ್ವರ ಶಿರಸಿಗೆ ಹೋಗಿ ಯಲ್ಲಾಪುರದ ಮೊದಲ ಬಸ್ಸಿನ ಕಂಡಕ್ಟರ್ ಕೈಗೆ ಪೊಟ್ಟಣ ಕೊಡುತ್ತಾನೆ. ನಿನ್ನ ಗಂಡ ಉಲ್ಲಾಸ ಯಲ್ಲಾಪುರದ ಸ್ಟ್ಯಾಂಡಿಗೆ ಹೋಗಿ ಇಸಿದುಕೊಳ್ಳಲಿ. ಬಸ್ಸಿನ ನಂಬರು ಮಹೇಶ್ವರಿ ನಿನಗೆ ಫೋನ್ ಮಾಡಿ ಹೇಳುತ್ತಾಳೆ. ಪೊಟ್ಟಣದಲ್ಲಿ, ಸೌತೆ ಬೀಜದ ಪ್ಯಾಕೀಟಿನ ಒಳಗೆ, ಎರಡು ಜಿಬಿಯ ಮೆಮರಿ ಪಟ್ಟಿ ಇದೆ. ನಿನ್ನ ಯಂತ್ರದ ಜೋಡಿ ಯಂತ್ರವನ್ನು ಕಾಲೇಜಿನವರು ಎಸೆದಾಗ ಬಿಚ್ಚಿ ಇಟ್ಟುಕೊಂಡದ್ದು. ಯಾಕೆ ಇಟ್ಟುಕೊಂಡೆ ಎಂದು ಆಗ ನನಗೇ ಗೊತ್ತಿರಲಿಲ್ಲ. ಕರೆಂಟ್ ತೆಗೆದು, ಮೈಯಲ್ಲಿನ ವಿದ್ಯುತ್ತು ಇಳಿಯಲೆಂದು ಕಿಟಕಿಯ ಸರಳು ಒಮ್ಮೆ ಮುಟ್ಟಿ, ಖಾಲಿ ಇರುವ ಸಂದಿಗೆ ಕೂರಿಸು. ಚಾಲೂ ಆದಕೂಡಲೇ, ಜೊತೆಗೆ ಇಟ್ಟಿರುವ ಹಸಿರು ಶಾಯಿಯ ಹಾಳೆಯ ಏಳು ಸಾಲು ಹೊಡೆದು ವೈರಸ್ ಪ್ಯಾಕೇಜನ್ನು ಕಿತ್ತು ಹಾಕು. ಟಿಕ್ ಹಾಕುತ್ತ ಹೋಗು. ಉಳಿದ ಮೂರನ್ನು ಮುಟ್ಟಬೇಡ.

ಆರ್ಡರಿನ ವಿಷಯ. ಕಳಿಸುವ ಕಡೆಯ ಸರ್ವರು ನೆಟ್ಟಗಿದ್ದರೆ, ಬಾಗಿಲು ಮುಚ್ಚಿದೆ ಎಂದು ಕಾಗದ ಹರಿದು ಹಾಕುವುದಿಲ್ಲ. ಬಂದು ಬಂದು ನೋಡುತ್ತದೆ. ಸಾಮಾನ್ಯವಾಗಿ ಐದು ದಿನ ಬರುತ್ತದೆ, ಆಮೇಲೆ ಕೈಬಿಡುತ್ತದೆ. ಹತ್ತೊಂಬತ್ತಕ್ಕೇ ಕಳಿಸಿದ್ದರೂ ಇಪ್ಪತ್ನಾಲ್ಕರವರೆಗೆ ನಿನಗೆ ಹೊತ್ತಿದೆ. ಅದಕ್ಕೇ ಈ ಬಸ್ಸು.

ಇನ್ನು ಪೋಸ್ಟ್‌ಗ್ರೇ ಮಾಡುವುದೇನು ಎಂದು ನಾಳೆ ನಿನಗೆ ಗೊತ್ತಿರಬೇಕು, ಇಲ್ಲವಾದರೆ ಹೆದರುತ್ತೀ. ಗುರುತಿಲ್ಲದವರಿಂದ ಮೇಲ್ ಬಂದರೆ ಅದು ಮೊದಲ ಸಲ ಒಳಗೆ ಬಿಡುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎನ್ನುತ್ತದೆ. ಕಸ ಹಂಚುವವನಿಗೆ ಸಾವಿರ ಮನೆ, ಅವನು ತಿರುಗಿ ಬರುವುದಿಲ್ಲ. ನಿಜವಾದ ಕೆಲಸವಿದ್ದವನು ಮತ್ತೆ ಬರುತ್ತಾನೆ, ಆಗ ಬಾಗಿಲು ತೆರೆಯುತ್ತದೆ. ನಮ್ಮ ಕಡೆ ಮನೆಗಳಲ್ಲಿ ನಡೆಯುವುದೂ ಹೀಗೆಯೇ. ಯಾರಾದರೂ ‘ಊಟಕ್ಕ ಏಳ್ರಿ’ ಎಂದು ಕರೆದರೆ, ಹೊಟ್ಟೆ ಎಷ್ಟೇ ಹಸಿದಿರಲಿ, ಮೊದಲ ಸಲ ‘ಬ್ಯಾಡ್ರಿ, ಉಂಡ ಬಂದೀವಿ’ ಎನ್ನುವುದು ಮರ್ಯಾದೆ. ಕರೆದವರಿಗೆ ಮನಸ್ಸಿದ್ದರೆ ಮತ್ತೊಮ್ಮೆ ಕರೆಯುತ್ತಾರೆ. ಆಗ ಎದ್ದು ಕೈ ತೊಳೆಯುತ್ತೇವೆ. ಒಂದೇ ಸಲಕ್ಕೆ ಹೂಂ ಎಂದರೆ ನಮ್ಮವ್ವ ಮನೆಗೆ ಬಂದಮೇಲೆ ಚಿವುಟುತ್ತಿದ್ದಳು.

ಹಾಗಾಗಿ ಯಾರು ಏನೇ ಅನ್ನಲಿ, ಅದನ್ನು ಕಿತ್ತು ಹಾಕಬೇಡ. ಎರಡನೇ ಸಲ ಬರುವ ತನಕ ಕಾಯು.

ಗಂಗಾಂಬಿಕಾ


ಕಿರವತ್ತಿ
26 ಫೆಬ್ರುವರಿ 2024

ಪ್ರೀತಿಯ ಮೇಡಂ,

ಬಂತು. ಮೊದಲು ಅದನ್ನೇ ಬರೆಯುತ್ತೇನೆ. ಆರ್ಡರು ಬಂತು, ಅವತ್ತೇ ಉತ್ತರ ಕೊಟ್ಟೆ, ಇವತ್ತು ಬೆಳಗ್ಗೆ ಅವರ ಒಪ್ಪಿಗೆಯೂ ಬಂತು. ಗೋದಾಮಿನಲ್ಲಿರುವ ಅಂಟುವಾಳವಷ್ಟೂ ಅವರಿಗೇ. ನಾಗಿ ಅತ್ತೆ ಸುದ್ದಿ ಕೇಳಿ ಚೀಲದ ಮೇಲೆ ಕೂತುಬಿಟ್ಟರು, ಆಮೇಲೆ ನನ್ನ ಕೈ ಹಿಡಿದುಕೊಂಡರು. ನಾನು ಹೋದ ವರ್ಷದಿಂದ ಇಷ್ಟು ಹಗುರವಾಗಿ ಉಸಿರಾಡಿರಲಿಲ್ಲ.

ನಡೆದದ್ದು ಹೀಗೆ. ಶುಕ್ರವಾರ ಹನ್ನೊಂದಕ್ಕೆ ಉಲ್ಲಾಸ ಪೊಟ್ಟಣ ತಂದರು. ಮೊದಲು ಶಾಂತಾರಾಮಣ್ಣನಿಗೆ ನಿಜ ಹೇಳಿದೆ. ಲೈನ್ ಸರಿಯಿತ್ತು, ತಪ್ಪು ನನ್ನದು ಎಂದೆ. ಅವರು, ಕಾಯಿ ಒಡೆಯುವ ಹಟ ತಮ್ಮದು ಎಂದರು. ಆಮೇಲೆ ಸರಳು ಮುಟ್ಟಿ ಪಟ್ಟಿ ಕೂರಿಸಿದೆ. ಏಳು ಸಾಲು, ಏಳು ಟಿಕ್. ಆ ಹಾಳೆ ಇದರ ಜೊತೆಗೇ ಇದೆ, ನೋಡಿ. ಯಂತ್ರ ಎದ್ದಿತು. ಒಂದು ಗಂಟೆಯಾದರೂ ನಿಲ್ಲಲಿಲ್ಲ.

ಮೂರು ಗಂಟೆ ಹತ್ತು ನಿಮಿಷಕ್ಕೆ ಲಾಗಿನಲ್ಲಿ ಕೊಚ್ಚಿಯವರ ವಿಳಾಸ ಕಾಣಿಸಿತು. ಅದರ ಪಕ್ಕದಲ್ಲೇ ನಮ್ಮ ಪೋಸ್ಟ್‌ಗ್ರೇ ಕೊಟ್ಟ ಉತ್ತರ. ಸ್ವಲ್ಪ ಹೊತ್ತು ಬಿಟ್ಟು ಬನ್ನಿ. ಬೆನ್ನ ಹಿಂದೆ ನಿಂತಿದ್ದ ಶಾಂತಾರಾಮಣ್ಣನಿಗೆ ಅದೇನೆಂದು ಹೇಳಿದಾಗ ಅವರ ಮುಖ ಬಿಳುಚಿತು. ‘ನಾವು ವರ್ಷಗಟ್ಲೆ ಕಾದವ್ರನ್ನ ಬಾಗ್ಲಿಂದ್ಲೇ ವಾಪಸ್ ಕಳ್ಸ್ತದಲ್ಲೇ ಇದು. ತೆಗ್ದು ಹಾಕು ಅದನ್ನ’ ಅಂದರು. ಕೀಳುವ ಸಾಲು ನನಗೆ ಬಾಯಿಪಾಠವಿತ್ತು. ಬೆರಳು ಕೀಲಿಯ ಮೇಲೂ ಹೋಯಿತು. ಆದರೆ ನಿಮ್ಮ ಕಾಗದ ಪಕ್ಕದಲ್ಲೇ ಇತ್ತು. ‘ಮೇಡಂ ಕಾಯು ಅಂದಿದ್ದಾರೆ. ನಾ ಕಾಯ್ತೆ’ ಎಂದೆ. ಅವರು ಆಚೆ ಹೋಗಿ ಬೀಡಿ ಸೇದಿದರು, ಒಳಗೆ ಬಂದರು, ಮತ್ತೆ ಆಚೆ ಹೋದರು. ಮೂರು ಐವತ್ತೆರಡಕ್ಕೆ ಅದು ತಿರುಗಿ ಬಂತು. ಬಾಗಿಲು ತೆರೆಯಿತು. ತೆಗೆದು ನೋಡಿದರೆ ಅವರು ಬರೆದದ್ದು ಇಪ್ಪತ್ತನೇ ತಾರೀಕಿಗೆ. ಮೂರು ದಿನ ನಮ್ಮ ಮುಚ್ಚಿದ ಬಾಗಿಲಿಗೆ ಬಂದು ಬಂದು ಹೋಗಿದೆ ಪಾಪ. ಉತ್ತರಕ್ಕೆ ಮರುದಿನ ಸಂಜೆಯೇ ಕೊನೆಯ ಹೊತ್ತು.

ಈಗ ಇನ್ನೊಂದು ವಿಷಯ. ಎತ್ತುವುದಿಲ್ಲ ಎಂದಿದ್ದೆ, ಎತ್ತುತ್ತಿದ್ದೇನೆ.

ಬಸ್ಸಿನ ನಂಬರು ಹೇಳಲು ಮಹೇಶ್ವರಿ ಅಕ್ಕ ಫೋನ್ ಮಾಡಿದವರು ಇಡಲೇ ಇಲ್ಲ. ‘ನೀವು ಮತ್ತೊಮ್ಮೆ ಕರೀಲೇ ಇಲ್ಲಲ್ರಿ. ಅಕ್ಕಾರು ನಾಕು ಸೀರಿ ಬ್ಯಾರೆ ತಗದಿಟ್ಟಿದ್ರು. ಆರು ತಿಂಗಳಾದ ಮ್ಯಾಲೆ ತಾವ ತಿರುಗಿ ಕಪಾಟಿನಾಗ ಇಟ್ರು’ ಅಂದರು. ಆಗ ನನಗೆ ಅರ್ಥವಾಗಲಿಲ್ಲ. ನಿಮ್ಮ ಕಾಗದದಲ್ಲಿ ಊಟಕ್ಕೆ ಕರೆಯುವ ಮಾತು ಓದಿದಾಗ ಅರ್ಥವಾಯಿತು. ಯಂತ್ರದ ಮುಂದೆ ಕೂತು ಆ ನಲವತ್ತೆರಡು ನಿಮಿಷ ಕಾಯುವಾಗ ನಾನು ಯೋಚಿಸಿದ್ದು ಅದನ್ನೇ.

ಮೇಡಂ, ನಮ್ಮ ಮನೆಗಳಲ್ಲಿ ಬೇಡ ಎಂದರೆ ಬೇಡ. ಎರಡನೇ ಸಲ ಕೇಳಿದರೆ ಒತ್ತಾಯ ಮಾಡಿದ ಹಾಗೆ, ಅದು ತಪ್ಪು ಎಂದೇ ನನ್ನ ಅವ್ವಿ ಕಲಿಸಿದ್ದು. ನೀವು ‘ನನಗ್ಯಾಕವ್ವ ಈ ವಯಸ್ಸಿನಾಗ, ಬ್ಯಾಡ’ ಎಂದಾಗ ನಾನು ಅದನ್ನು ಹಾಗೆಯೇ ನಂಬಿದೆ. ಅಷ್ಟೇ ಅಲ್ಲ, ನಮ್ಮ ಮನೆಯಲ್ಲಿ ಮೀನು ಬೇಯಿಸುತ್ತೇವೆ, ಅದಕ್ಕೇ ನಿಮಗೆ ನಮ್ಮಲ್ಲಿರಲು ಮನಸ್ಸಿಲ್ಲ ಎಂದುಕೊಂಡೆ. ಎರಡು ವರ್ಷ ಆ ಮುಳ್ಳು ಒಳಗೇ ಇಟ್ಟುಕೊಂಡು ನಿಮ್ಮ ಫೋನಿಗೆ ಹಬ್ಬಕ್ಕೊಂದು ಎಸ್ಸೆಮ್ಮೆಸ್ ಹಾಕುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದೆ.

ಶಾಂತಾರಾಮಣ್ಣ ಯಂತ್ರ ಇರಲಿ, ನಾನೂ ಇರಲಿ ಎಂದಿದ್ದಾರೆ. ಆದರೆ ಇದನ್ನೆಲ್ಲ ಬಲ್ಲವಳು ಒಬ್ಬಳೇ ಇದ್ದರೆ ಸಾಲದು, ಇನ್ನಿಬ್ಬರಿಗಾದರೂ ಕಲಿಸಬೇಕು ಎನ್ನುತ್ತಾರೆ. ಕಲಿಯಲು ಹೆಂಗಸರಿದ್ದಾರೆ. ಕಲಿಸಲು ನನಗೆ ಬರುವುದಿಲ್ಲ. ಆಫೀಸಿನ ಹಿಂದಿನ ಕೋಣೆಗೆ ನಿನ್ನೆ ಸುಣ್ಣ ಬಳಿದೆವು.

ಮೇಡಂ, ನಮ್ಮಲ್ಲಿಗೆ ಬನ್ನಿ. ಇದು ಎರಡನೇ ಸಲ.

ರಕ್ಷಿತಾ


ದಾಸನಕೊಪ್ಪ
1 ಮಾರ್ಚ್ 2024

ರಕ್ಷಿತಾ,

ಏಳು ಟಿಕ್ ನೋಡಿದೆ. ನಾಲ್ಕನೆಯದು ತುಸು ನಡುಗಿದೆ, ಉಳಿದವೆಲ್ಲ ನೆಟ್ಟಗಿವೆ. ಆ ಹಾಳೆಯನ್ನು ಅಂಗಡಿಯಲ್ಲಿ ಗೊಬ್ಬರದ ದರಪಟ್ಟಿಯ ಪಕ್ಕದಲ್ಲಿ ಅಂಟಿಸಿದ್ದೇನೆ. ಇದೇನ್ರಿ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ, ಅವರಿಗೆ ತಿಳಿಯುವುದಿಲ್ಲ, ಆದರೂ ಹೇಳುತ್ತಿದ್ದೇನೆ.

ನಿನ್ನ ಕಾಗದ ಓದಿ ನಾನು ಅತ್ತೆ. ಸಮಾಧಾನಕ್ಕೆ ಅತ್ತೆ ಎಂದು ಮಹೇಶ್ವರಿಗೆ ಹೇಳಬೇಕಾಯಿತು, ಅವಳು ಯಾರೋ ಹೋಗಿಬಿಟ್ಟರು ಎಂದುಕೊಂಡಳು. ಅವಳ ಬಾಯಿ ಹಗುರ, ಅದಕ್ಕೆ ಬೇರೆ ಬೈಯಬೇಕೆಂದಿದ್ದೆ, ಬೈಯಲಿಲ್ಲ.

ನನ್ನ ತಪ್ಪೂ ಇದೆ. ಒಂದು ಸಲ ಕೇಳಿ ಸುಮ್ಮನಾದಳಲ್ಲ, ಇವಳದು ಬಾಯಿ ಮಾತಿನ ಕರೆ, ಕಿವಿ ಕೇಳದ ಮುದುಕಿಯನ್ನು ಕಟ್ಟಿಕೊಂಡು ಏನು ಮಾಡಿಯಾಳು ಎಂದು ನಾನು ಲೆಕ್ಕ ಹಾಕಿದೆ. ಬಾ ಎಂದು ನೀನು ಬಸ್ಸು ಹಿಡಿದು ಇಷ್ಟು ದೂರ ಬಂದಿದ್ದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇ ಇಲ್ಲ. ಪೋಸ್ಟ್‌ಗ್ರೇಗಾದರೂ ಗುರುತಿನವರ ಪಟ್ಟಿ ಎಂದು ಒಂದಿರುತ್ತದೆ, ಅದರಲ್ಲಿದ್ದವರನ್ನು ಅದು ಮೊದಲ ಸಲವೇ ಒಳಗೆ ಬಿಡುತ್ತದೆ. ನಿನ್ನ ಹೆಸರು ಆ ಪಟ್ಟಿಯಲ್ಲಿರಬೇಕಿತ್ತು.

ಮೀನಿನ ಮಾತು ಕೇಳಿ ನಗು ಬಂತು, ಆಮೇಲೆ ಸಂಕಟವೂ ಆಯಿತು. ಹಾಸ್ಟೆಲಿನಲ್ಲಿ ಹದಿನಾಲ್ಕು ವರ್ಷ ವಾರ್ಡನ್ ಆಗಿದ್ದವಳಿಗೆ ಯಾವ ವಾಸನೆಯ ಹೆದರಿಕೆ? ನಿಮ್ಮ ಮನೆಯಲ್ಲಿ ಮೀನು ಬೇಯಿಸುವ ದಿನ ನನಗೆ ಒಂದು ಮುದ್ದೆ ಮೊಸರನ್ನ ಬೇರೆ ತೆಗೆದಿಡು, ಅಷ್ಟು ಸಾಕು. ನಾಗಿಯವರ ಪಕ್ಕದಲ್ಲೇ ಕೂತು ಉಣ್ಣುತ್ತೇನೆ.

ಶಿವರಾತ್ರಿ ಎಂಟಕ್ಕಿದೆ. ಬನವಾಸಿಗೆ ಹೋಗಿ ಕೈ ಮುಗಿದು, ಹನ್ನೊಂದನೇ ತಾರೀಕು ಸೋಮವಾರ ಹೊರಡುತ್ತೇನೆ. ಮುಹೂರ್ತ ನೋಡಿಲ್ಲ, ನಿಮ್ಮ ಅಧ್ಯಕ್ಷರಿಗೆ ನೋಡಲು ಬಿಡಬೇಡ. ಯಲ್ಲಾಪುರದಲ್ಲಿ ಬಸ್ಸು ಬದಲಿಸಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಕಿರವತ್ತಿ. ನಾಲ್ಕು ಸೀರೆ ಮತ್ತೆ ಕೆಳಗಿಳಿದಿವೆ, ಮಹೇಶ್ವರಿ ಐದನೆಯದನ್ನೂ ತುರುಕಿದ್ದಾಳೆ. ಕಲಿಯುವ ಹೆಂಗಸರಿಗೆ ಒಂದೊಂದು ಪೆನ್ಸಿಲು ತರಲು ಹೇಳು.

ಬಸ್ ಸ್ಟ್ಯಾಂಡಿಗೆ ನೀನೇ ಬಾ. ದೂರದಿಂದ ನನ್ನ ಹೆಸರು ಹಿಡಿದು ಕೂಗಬೇಡ, ನನಗೆ ಕೇಳುವುದಿಲ್ಲ. ಕೈ ಬೀಸು. ಒಂದು ಸಲ ಬೀಸಿದರೆ ಸಾಕು.

ಗಂಗಾಂಬಿಕಾ